ಟಗರು ಗಟ್ಟಿಮುಟ್ಟಾಗಿದೆ, ಕುರಿಗಳು ಮಾತ್ರ ಗಬ್ಬ ನಿಲ್ಲುತ್ತಿಲ್ಲ: ಹತ್ತಿಕಾಳು ಹಿಂಡಿಯ ತೊಂದರೆ ಪತ್ತೆ ಹಚ್ಚುವುದು ಹೇಗೆ

ಎರಡು ವರ್ಷದ ಹಿಂದೆ ನನ್ನ ಹಟ್ಟಿಯಲ್ಲಿ 32 ಕುರಿ, ಒಂದು ಬೀಜದ ಟಗರು ಇದ್ದವು. ಆ ಸಲ ಹುಟ್ಟಿದ್ದು ಐದೇ ಮರಿ. ಕುರಿಗಳದ್ದೇ ದೋಷ ಅಂದುಕೊಂಡು ನಾಲ್ಕನ್ನು ಗೊಡ್ಡು ಎಂದು ಸಂತೆಗೆ ಹೊಡೆದೆ. ಏಳು ತಿಂಗಳು ಕಳೆಯುವಷ್ಟರಲ್ಲಿ ಅವುಗಳಲ್ಲಿ ಎರಡು ಕೊಂಡವರ ಮನೆಯಲ್ಲಿ ಮರಿ ಹಾಕಿದ್ದವು. ಆ ಸುದ್ದಿ ಕೇಳಿದ ದಿನ ನನಗೆ ಊಟ ಸೇರಲಿಲ್ಲ.

ಪಕ್ಕದ ಹೊಲದ ಕಾಕಾ ಒಬ್ಬರು ಐವತ್ತು ವರ್ಷ ಕುರಿ ಕಾಯ್ದವರು. ಅವರು ಬಂದು ಟಗರಿನ ಮುಂದೆ ಕೂತು ಹೇಳಿದ್ದು ಒಂದೇ ಮಾತು: "ತಮ್ಮಾ, ಕುರಿ ಮಾರೂಕಿಂತ ಮೊದ್ಲ ಟಗರಿನ ಗ್ವಾದ್ಲಿ ನೋಡಬೇಕಿತ್ತು." ಗೋದಲಿಯಲ್ಲಿ ಇದ್ದದ್ದು ಹತ್ತಿಕಾಳು ಹಿಂಡಿ. ಟಗರು ಗಟ್ಟಿಯಾಗಲಿ ಎಂದು ದಿನಕ್ಕೆ ಅರ್ಧ ಕಿಲೋದಂತೆ ಮೂರು ತಿಂಗಳು ನಾನೇ ಕೈಯಾರೆ ಹಾಕಿದ್ದು.

ಹತ್ತಿಕಾಳಿನಲ್ಲಿ ಗಾಸಿಪಾಲ್ ಎಂಬ ಹಳದಿ ವಿಷ ಇರುತ್ತದೆ. ಅದು ಗಂಡು ಪ್ರಾಣಿಯ ವೀರ್ಯವನ್ನು ಕೆಡಿಸುತ್ತದೆ. ಹೊರಗಿನಿಂದ ನೋಡಿದರೆ ಏನೂ ಗೊತ್ತಾಗುವುದಿಲ್ಲ, ಅದೇ ಇದರ ದೊಡ್ಡ ತೊಂದರೆ. ನಾನು ಡಾಕ್ಟರ್ ಅಲ್ಲ, ಕುರಿ ಸಾಕುವವನು. ನಮ್ಮ ಪಶು ವೈದ್ಯರ ಹತ್ತಿರ ಕೂತು ಕಲಿತದ್ದನ್ನು, ದುಡ್ಡು ಖರ್ಚಾಗದ ಪರೀಕ್ಷೆಯಿಂದ ಶುರು ಮಾಡಿ ಬರೆಯುತ್ತಿದ್ದೇನೆ. ಕುರಿ ಎಂದು ಬರೆದಿದ್ದರೂ ಹೋತ, ಹೋರಿ, ಕೋಣ ಸಾಕುವವರಿಗೂ ಬಹಳ ಮಟ್ಟಿಗೆ ಇದೇ ದಾರಿ.

ಲಕ್ಷಣ 1: ಕುರಿಗಳು ಮತ್ತೆ ಮತ್ತೆ ಬೆದೆಗೆ ಬರುತ್ತಿವೆ

ಮೊದಲು ತಿಳಿಯಬೇಕಾದ್ದು, ಟಗರು ನಿಜಕ್ಕೂ ಕುರಿ ಹತ್ತುತ್ತಿದೆಯಾ ಎಂಬುದು. ನಾವು ಹಗಲು ನೋಡಿದ್ದು ಎಷ್ಟು, ರಾತ್ರಿ ನಡೆದದ್ದು ಎಷ್ಟು? ಅಂದಾಜು ಬೇಡ, ಬಣ್ಣ ಹಚ್ಚಿ.

ಅರಿಶಿನ ಪುಡಿಗೆ ಶೇಂಗಾ ಎಣ್ಣೆ ಹಾಕಿ ಗಟ್ಟಿಯಾಗಿ ಕಲಸಿ. ಟಗರಿನ ಎದೆಗೆ, ಮುಂಗಾಲುಗಳ ನಡುವೆ ಅಂಗೈಯಗಲ ಬಳಿಯಿರಿ. ಅದು ಹತ್ತಿದ ಕುರಿಯ ಹಿಂಭಾಗಕ್ಕೆ ಬಣ್ಣ ಅಂಟುತ್ತದೆ. ಎರಡು ದಿನಕ್ಕೊಮ್ಮೆ ಮತ್ತೆ ಹಚ್ಚಿ, ಬಣ್ಣ ಅಂಟಿದ ಕುರಿಯ ಗುರುತು ಬರೆದಿಟ್ಟುಕೊಳ್ಳಿ. ಕುರಿಯ ಬೆದೆ ಸುಮಾರು 17 ದಿನಕ್ಕೊಮ್ಮೆ ಬರುತ್ತದೆ, ಹಾಗಾಗಿ 17 ದಿನ ಆದ ಮೇಲೆ ಬಣ್ಣ ಬದಲಿಸಿ ಕೆಮ್ಮಣ್ಣು ಹಚ್ಚಿ. ತಿಳಿ ಬಣ್ಣ ಮೊದಲು, ಗಾಢ ಬಣ್ಣ ಆಮೇಲೆ, ಇಲ್ಲದಿದ್ದರೆ ಎರಡನೆಯದು ಕಾಣುವುದಿಲ್ಲ. ಮೇಕೆ, ಹಸು, ಎಮ್ಮೆಗೆ ಈ ಲೆಕ್ಕ 21 ದಿನ.

ಹಳೆ ಎಂಜಿನ್ ಆಯಿಲ್, ಗೋಡೆಯ ಪೇಂಟ್ ಮಾತ್ರ ದಯವಿಟ್ಟು ಹಚ್ಚಬೇಡಿ. ಅದು ಚರ್ಮ ಸುಡುತ್ತದೆ, ನೆಕ್ಕಿದರೆ ಇನ್ನೊಂದು ವಿಷ ಒಳಗೆ ಹೋಗುತ್ತದೆ.

ಈಗ ಗುರುತು ಓದುವುದು. ಯಾವ ಕುರಿಗೂ ಬಣ್ಣ ಅಂಟಲಿಲ್ಲ ಎಂದರೆ ಲಕ್ಷಣ 2ಕ್ಕೆ ಹೋಗಿ. ಹತ್ತರಲ್ಲಿ ಒಂದೆರಡು ಕುರಿಗೆ ಮಾತ್ರ ಎರಡನೇ ಬಣ್ಣ ಬಿತ್ತು ಎಂದರೆ ಟಗರು ಸರಿ ಇದೆ, ಆ ಒಂದೆರಡು ಕುರಿಗಳನ್ನು ನೋಡಿಸಿ. ಹೆಚ್ಚುಕಡಿಮೆ ಎಲ್ಲ ಕುರಿಗೂ ಅರಿಶಿನ ಬಿದ್ದು, 17 ದಿನದ ಮೇಲೆ ಅವಕ್ಕೇ ಕೆಮ್ಮಣ್ಣೂ ಬಿತ್ತು ಎಂದರೆ? ಮೂವತ್ತು ಕುರಿ ಒಟ್ಟಿಗೆ ಗೊಡ್ಡಾಗುವುದು ಅಪರೂಪ, ಅಲ್ವಾ? ಅವೆಲ್ಲಕ್ಕೂ ಒಂದೇ ಟಗರು. ದೋಷ ಅಲ್ಲಿರುವ ಸಾಧ್ಯತೆಯೇ ಜಾಸ್ತಿ. ಲಕ್ಷಣ 3 ಓದಿ.

ಎರಡನೇ ಬಣ್ಣ 17 ದಿನಕ್ಕಲ್ಲದೆ 30, 40 ದಿನಕ್ಕೆ ಎಂದೆಂದೋ ಬೀಳುತ್ತಿದ್ದರೆ ಅದು ಬೇರೆ ಕಥೆ. ಗಬ್ಬ ನಿಂತು ಒಳಗೇ ಹೋಗುತ್ತಿರಬಹುದು. ಆಗ ಕಂದು ರೋಗದಂಥ (ತಿಂಗಳು ತುಂಬುವ ಮೊದಲೇ ಕಂದು ಹಾಕಿಸುವ ಬ್ರುಸೆಲ್ಲೋಸಿಸ್) ಸೋಂಕಿನ ಕಡೆ ಮೊದಲು ನೋಡಬೇಕು, ಹಿಂಡಿಯ ಕಡೆ ಆಮೇಲೆ.

ಲಕ್ಷಣ 2: ಟಗರು ಕುರಿಯ ಹತ್ತಿರವೇ ಹೋಗುತ್ತಿಲ್ಲ

ಇದಕ್ಕೆ ಗಾಸಿಪಾಲ್ ಅನ್ನು ಮೊದಲಿಗೆ ದೂರಬೇಡಿ. ಕಾಲು ಎತ್ತಿ ಗೊರಸಿನ ಸಂದಿ ನೋಡಿ. ಹಿಂಗಾಲು ನೋಯುತ್ತಿದ್ದರೆ ಯಾವ ಟಗರೂ ಹತ್ತುವುದಿಲ್ಲ. ಕಣ್ಣಿನ ಕೆಳರೆಪ್ಪೆ ಜಗ್ಗಿ ನೋಡಿ, ಬೆಳ್ಳಗಿದ್ದರೆ ಜಂತು ರಕ್ತ ಹೀರುತ್ತಿರಬಹುದು. ಒಂದು ಟಗರಿಗೆ 25ರಿಂದ 30 ಕುರಿ ಸಾಕು, ಎಳೆಯ ಟಗರಾದರೆ ಇನ್ನೂ ಕಡಿಮೆ.

ಬಿಸಿಲನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ರಾಯಚೂರು, ಕಲಬುರಗಿ ಕಡೆ ಬೇಸಿಗೆಯಲ್ಲಿ 40 ಡಿಗ್ರಿ ದಾಟುತ್ತದೆ. ಟಗರಿನ ಬೀಜ (ವೃಷಣ) ಮೈಗಿಂತ ಕೆಲವು ಡಿಗ್ರಿ ತಣ್ಣಗಿದ್ದರೆ ಮಾತ್ರ ಒಳ್ಳೆ ವೀರ್ಯ ತಯಾರಾಗುವುದು. ಅದಕ್ಕೇ ಅದು ಹೊರಗೆ ಜೋತು ಬಿದ್ದಿರುವುದು. ಜೋರು ಬಿಸಿಲು ಅಥವಾ ನೀಲಿ ನಾಲಿಗೆ ರೋಗದಂಥ ಜ್ವರ ಬಂದು ಹೋದರೆ ಆರರಿಂದ ಎಂಟು ವಾರ ವೀರ್ಯ ಕೆಟ್ಟಿರಬಹುದು, ಟಗರು ನೋಡಲು ಚೆನ್ನಾಗಿದ್ದರೂ. ಹಾಗಾಗಿ ಹಿಂದಿನ ಎರಡು ತಿಂಗಳಲ್ಲಿ ಜ್ವರ ಬಂದಿತ್ತಾ ಎಂಬುದನ್ನು ನೆನಪಿಸಿಕೊಳ್ಳಿ.

ಲಕ್ಷಣ 3: ಟಗರು ಚೆನ್ನಾಗಿ ಹತ್ತುತ್ತದೆ, ಆದರೆ ಗಬ್ಬ ನಿಲ್ಲುತ್ತಿಲ್ಲ

ನನ್ನದು ಇದೇ. ಟಗರು ಮಿರಮಿರ ಮಿಂಚುತ್ತಿತ್ತು. ಕುರಿಯ ಹಿಂದೆ ಓಡುತ್ತಿತ್ತು, ಹಾಯುತ್ತಿತ್ತು, ಮೇವು ಬಿಡುತ್ತಿರಲಿಲ್ಲ.

ಮೊದಲ ಕೆಲಸ, ಹಿಂಡಿ ಚೀಲ ಬಿಚ್ಚಿ ನೋಡುವುದು. ನಮ್ಮ ಕಡೆ ಅಂಗಡಿಯಲ್ಲಿ ಸುಮ್ನೆ ಹಿಂಡಿ ಕೊಡಿ ಎಂದರೆ ಕೆಲವು ಕಡೆ ಶೇಂಗಾ ಹಿಂಡಿ ಕೊಡುತ್ತಾರೆ, ಕೆಲವು ಕಡೆ ಹತ್ತಿ ಹಿಂಡಿ. ಹತ್ತಿ ಹಿಂಡಿಯ ಒಂದು ತುಂಡು ಮುರಿದು ಬೆಳಕಿಗೆ ಹಿಡಿಯಿರಿ. ಕಪ್ಪು ಸಿಪ್ಪೆಯ ಚೂರು, ಅದಕ್ಕೆ ಅಂಟಿದ ಬಿಳಿ ನವಿರು ಎಳೆ ಕಾಣುತ್ತದೆ. ಬೂಸಾ, ತಯಾರಿ ಪಶು ಆಹಾರ ಕೊಂಡಿದ್ದರೆ ಅದರಲ್ಲಿ ಏನೇನು ಸೇರಿದೆ ಎಂದು ಕೊಟ್ಟವರನ್ನೇ ಕೇಳಿ.

ಎರಡನೆಯದು ನಮಗೆ ಹೊಳೆಯದೇ ಹೋಗುವ ದಾರಿ. ಹತ್ತಿ ಬಿಡಿಸಿದ ಮೇಲೆ ಹೊಲದಲ್ಲಿ ಕುರಿ ಮೇಯಿಸುತ್ತೇವೆ, ರಾತ್ರಿ ಗೊಬ್ಬರಕ್ಕೆಂದು ಅಲ್ಲೇ ತರುಬಿಸುತ್ತೇವೆ. ಗಿಡದಲ್ಲಿ ಉಳಿದ ಕಾಯಿ, ಕಾಳು ಎಲ್ಲ ಕುರಿಯ ಹೊಟ್ಟೆಗೆ ಹೋಗುತ್ತದೆ. ಗೋದಲಿಯಲ್ಲಿ ಹಿಂಡಿ ಹಾಕದಿದ್ದರೂ ಗಾಸಿಪಾಲ್ ಹೊಟ್ಟೆ ಸೇರಬಹುದು.

ಮೂರನೆಯದು ಲೆಕ್ಕ. ಇಲ್ಲಿ ಬಹಳ ಜನ ತಪ್ಪುತ್ತಾರೆ. ಟಗರಿನ ವೀರ್ಯಾಣು ತಯಾರಾಗಲು ಸುಮಾರು 47ರಿಂದ 49 ದಿನ ಬೇಕು, ಮಾಗಿ ಹೊರಬರಲು ಇನ್ನೊಂದೆರಡು ವಾರ. ಹೋರಿಗೆ ತಯಾರಾಗಲಿಕ್ಕೇ 61 ದಿನ. ಅಂದರೆ ಇವತ್ತಿನ ವೀರ್ಯ ಎರಡು ತಿಂಗಳ ಹಿಂದಿನ ಮೇವಿನದ್ದು. ಹಿಂಡಿ ಹೋದ ವಾರವೇ ಬಿಡಿಸಿದ್ದೇನೆ, ಅದರದ್ದಲ್ಲ ಎನ್ನಬೇಡಿ. ಕ್ಯಾಲೆಂಡರ್ ತೆಗೆದು, ಗಬ್ಬ ನಿಲ್ಲದ ದಿನದಿಂದ 70 ದಿನ ಹಿಂದಕ್ಕೆ ಎಣಿಸಿ, ಆಗ ಏನು ತಿನ್ನಿಸುತ್ತಿದ್ದಿರಿ ನೋಡಿ.

ಒಳಗೆ ನಡೆಯುವುದು ಹೀಗೆ. ವೀರ್ಯಾಣುವಿಗೆ ತಲೆ, ನಡುಭಾಗ, ಬಾಲ ಇರುತ್ತವೆ. ಬಾಲ ಬಡಿದು ಈಜಲು ಬೇಕಾದ ಶಕ್ತಿ ಹುಟ್ಟುವುದು ನಡುಭಾಗದ ಸುತ್ತ ಸುರುಳಿಯಾಗಿ ಸುತ್ತಿಕೊಂಡ ಮೈಟೋಕಾಂಡ್ರಿಯಾಗಳಲ್ಲಿ. ಗಾಸಿಪಾಲ್ ಕೆಡಿಸುವುದು ಆ ಸುರುಳಿಯನ್ನೇ. ಅಲ್ಲಲ್ಲಿ ಸುರುಳಿ ಕಟ್ಟುವುದೇ ಇಲ್ಲ. ತಲೆ ಸರಿ ಇರುತ್ತದೆ, ನಡು ಮುರಿದಿರುತ್ತದೆ. ಅಂಥ ವೀರ್ಯಾಣು ಕುರಿಯ ಗರ್ಭದವರೆಗೆ ಈಜಿ ಮುಟ್ಟಲಾರದು.

ಕುರಿ, ದನ ಮೆಲುಕು ಹಾಕುವ ಪ್ರಾಣಿಗಳು. ಅವುಗಳ ದೊಡ್ಡ ಹೊಟ್ಟೆಯಲ್ಲಿ ಈ ವಿಷ ಸ್ವಲ್ಪ ಮಟ್ಟಿಗೆ ಕಟ್ಟಿಹೋಗುತ್ತದೆ. ಹಾಲು ಕೊಡುವ ಹಸು, ಎಮ್ಮೆ ಹಿಂಡಿ ತಿಂದು ಚೆನ್ನಾಗಿಯೇ ಇರುತ್ತವಲ್ಲ, ಅದಕ್ಕೆ ಇದೂ ಒಂದು ಕಾರಣ. ಹೆಣ್ಣು ಇದನ್ನು ಬಹಳ ಮಟ್ಟಿಗೆ ತಾಳಿಕೊಳ್ಳುತ್ತದೆ, ಗಂಡಿನ ಬೀಜ ತಾಳಿಕೊಳ್ಳುವುದಿಲ್ಲ. ನಾನು ಮಾಡಿದ ತಪ್ಪು ಇಲ್ಲೇ. ಎಮ್ಮೆಗೆ ಒಳ್ಳೆಯದಾದದ್ದು ಟಗರಿಗೂ ಒಳ್ಳೆಯದು ಅಂದುಕೊಂಡೆ.

ಹಿಂಡಿ ಎಲ್ಲವೂ ಒಂದೇ ಅಲ್ಲ ಎಂಬುದೂ ಗೊತ್ತಿರಲಿ. ಕಾಳನ್ನು ಚೆನ್ನಾಗಿ ಬಿಸಿ ಮಾಡಿ ಅರೆದಾಗ ಬಿಡಿ ಗಾಸಿಪಾಲ್ ಪ್ರೋಟೀನಿಗೆ ಅಂಟಿಕೊಂಡು ವಿಷ ಕಡಿಮೆಯಾಗುತ್ತದೆ. ಬಿಸಿ ಇಲ್ಲದೆ ತಣ್ಣಗೆ ಹಿಂಡಿದ್ದರಲ್ಲಿ ಅದು ಬಿಡಿಯಾಗಿಯೇ ಜಾಸ್ತಿ ಉಳಿಯುತ್ತದೆ. ನಾನು ತರುತ್ತಿದ್ದದ್ದು ಹಾಗೆ ತಣ್ಣಗೆ ಹಿಂಡಿದ್ದು, ಶುದ್ಧ ಎಂದು ಹುಡುಕಿಕೊಂಡು ಹೋಗಿ ತಂದದ್ದು. ಇನ್ನು ರಾತ್ರಿ ನೆನೆಸಿ ಹಾಕಿದರೆ ವಿಷ ಹೋಗುತ್ತದೆ ಎಂಬ ನಂಬಿಕೆ. ಗಾಸಿಪಾಲ್ ನೀರಿನಲ್ಲಿ ಕರಗುವುದಿಲ್ಲ. ನೆನೆಸಿದರೆ ತಿನ್ನಲು ಮೆತ್ತಗಾಗುತ್ತದೆ, ಅಷ್ಟೇ.

ಬಿಟಿ ಹತ್ತಿ ಬಂದ ಮೇಲೆ ಹೀಗಾಯಿತು ಎನ್ನುವವರು ಬಹಳ. ಬಿಟಿ ನಮ್ಮ ದೇಶಕ್ಕೆ ಬಂದದ್ದು 2002ರಲ್ಲಿ. ಗಾಸಿಪಾಲ್‌ಗೆ ಆ ಹೆಸರು ಬಿದ್ದದ್ದು 1899ರಲ್ಲಿ. ಹುಳ, ಕೀಟಗಳಿಂದ ಕಾಪಾಡಿಕೊಳ್ಳಲು ಹತ್ತಿ ಗಿಡ ತಾನೇ ಮಾಡಿಕೊಳ್ಳುವ ವಿಷ ಇದು. ನಮ್ಮ ಜವಾರಿ ಜಯಧರ ಹತ್ತಿಯ ಕಾಳಿನಲ್ಲೂ ಇದೆ. ಬಿಟಿ ಬಗ್ಗೆ ಬೇರೆ ತಕರಾರು ಇರಬಹುದು, ಈ ತೊಂದರೆಯನ್ನು ಅದರ ತಲೆಗೆ ಕಟ್ಟಿ ಜವಾರಿ ಹಿಂಡಿಯನ್ನು ಟಗರಿಗೆ ಹಾಕಿದರೆ ಕಳೆದುಕೊಳ್ಳುವವರು ನಾವೇ.

ಇದು ಪ್ರಾಣಿಗಳಿಗಷ್ಟೇ ಅಲ್ಲ. ಚೀನಾದ ಕೆಲವು ಹಳ್ಳಿಗಳಲ್ಲಿ ಕಚ್ಚಾ ಹತ್ತಿಕಾಳೆಣ್ಣೆಯಲ್ಲಿ ಅಡಿಗೆ ಮಾಡುತ್ತಿದ್ದ ಮನೆಗಳಲ್ಲಿ ಮಕ್ಕಳಾಗುತ್ತಿರಲಿಲ್ಲ. 1950ರ ದಶಕದಲ್ಲಿ ಅಲ್ಲಿನ ವೈದ್ಯರು ಅದನ್ನು ಗುರುತಿಸಿದರು. 1970ರ ದಶಕದಲ್ಲಿ ಗಾಸಿಪಾಲ್ ಅನ್ನೇ ಗಂಡಸರ ಗರ್ಭನಿರೋಧಕ ಮಾತ್ರೆಯಾಗಿ 8,000ಕ್ಕೂ ಹೆಚ್ಚು ಜನರ ಮೇಲೆ ಪ್ರಯೋಗಿಸಿದರು. ಕೆಲಸವೇನೋ ಮಾಡಿತು. ಆದರೆ ಕೆಲವರಿಗೆ ರಕ್ತದಲ್ಲಿ ಪೊಟ್ಯಾಸಿಯಂ ಇಳಿದು ಕೈಕಾಲು ಸೋತವು, ಇನ್ನು ಕೆಲವರಿಗೆ ಮಾತ್ರೆ ಬಿಟ್ಟ ಮೇಲೂ ವೀರ್ಯ ಮರಳಿ ಬರಲಿಲ್ಲ. ಕೈಬಿಟ್ಟರು. ಅಂಗಡಿಯ ಶುದ್ಧೀಕರಿಸಿದ ಹತ್ತಿಕಾಳೆಣ್ಣೆಗೆ ಹೆದರಬೇಕಿಲ್ಲ, ಶುದ್ಧೀಕರಿಸುವಾಗ ಗಾಸಿಪಾಲ್ ಹೋಗುತ್ತದೆ.

ಮನೆಯಲ್ಲಿ ಕೋಳಿಗಳಿದ್ದು ಅವೂ ಆ ಹಿಂಡಿ ಹೆಕ್ಕುತ್ತಿದ್ದರೆ ಒಂದು ಸಣ್ಣ ಸುಳಿವು ಸಿಗುತ್ತದೆ. ಮೊಟ್ಟೆಗಳನ್ನು ಕೆಲವು ವಾರ ಇಟ್ಟು ಒಡೆದು ನೋಡಿ. ಹಳದಿ ಭಾಗ ಹಸಿರುಗಂದು ಬಣ್ಣಕ್ಕೆ ತಿರುಗಿದ್ದರೆ ಬಿಡಿ ಗಾಸಿಪಾಲ್ ಚೆನ್ನಾಗಿಯೇ ಇದೆ ಎಂದು ಅನುಮಾನಿಸಬಹುದು. ತಿರುಗದಿದ್ದರೆ ಹಿಂಡಿ ಒಳ್ಳೆಯದು ಎಂದು ಅರ್ಥವಲ್ಲ.

ಲಕ್ಷಣ 4: ಬೀಜದ ಆಕಾರ, ಗಟ್ಟಿತನದಲ್ಲಿ ವ್ಯತ್ಯಾಸ

ಮುಟ್ಟುವ ಮೊದಲು ಕೈಗವಸು ಹಾಕಿ. ಏಕೆ ಎಂದು ಕೆಳಗೆ ಹೇಳುತ್ತೇನೆ. ಒಬ್ಬರು ಟಗರನ್ನು ಹಿಡಿದು ನಿಲ್ಲಿಸಲಿ, ಇನ್ನೊಬ್ಬರು ಹಿಂದಿನಿಂದ ಎರಡೂ ಬೀಜವನ್ನು ನಿಧಾನಕ್ಕೆ ಮೇಲಿನಿಂದ ಕೆಳಗೆ ಸವರಿ ನೋಡಲಿ. ನಿಮ್ಮ ಮುಷ್ಟಿ ಬಿಗಿ ಹಿಡಿದು ಇನ್ನೊಂದು ಕೈಯಿಂದ ತೋಳಿನ ಮಾಂಸ ಒತ್ತಿ. ಬೀಜ ಹೆಚ್ಚುಕಡಿಮೆ ಹಾಗೆ, ಒತ್ತಿದರೆ ಪುಟಿಯುವಂತೆ ಇರಬೇಕು. ಎರಡೂ ಒಂದೇ ಅಳತೆ, ಚರ್ಮದೊಳಗೆ ಸಲೀಸಾಗಿ ಜಾರಬೇಕು.

ಎರಡೂ ಮೆತ್ತಗೆ, ಪೊಳ್ಳಾಗಿ ಇದ್ದರೆ ಬಿಸಿಲು, ಜ್ವರ, ಮೇವಿನ ಕೊರತೆ ಅಥವಾ ವಿಷ, ಇವುಗಳಲ್ಲಿ ಯಾವುದಾದರೂ ಇರಬಹುದು. ಒಂದು ದೊಡ್ಡದು ಒಂದು ಚಿಕ್ಕದು, ಅಥವಾ ಬೀಜದ ಕೆಳತುದಿಯಲ್ಲಿ ಗಟ್ಟಿ ಗಂಟು ಸಿಕ್ಕರೆ ಅಲ್ಲಿಗೇ ನಿಲ್ಲಿಸಿ. ಅದು ಕಂದು ರೋಗ ಇರಬಹುದು. ಅದು ಮನುಷ್ಯರಿಗೂ ಹರಡುತ್ತದೆ, ತಿಂಗಳುಗಟ್ಟಲೆ ಜ್ವರ, ಕೀಲುನೋವು ಬರಿಸುತ್ತದೆ. ಸಾಬೂನು ಹಚ್ಚಿ ಕೈ ತೊಳೆಯಿರಿ, ಟಗರನ್ನು ಬೇರೆ ಕಟ್ಟಿ, ರಕ್ತ ಪರೀಕ್ಷೆ ಮಾಡಿಸಿ. ಕುರಿ ಕಂದು ಹಾಕಿದ್ದರೆ ಆ ಕಂದು, ಮಾಸು ಬರಿಗೈಯಲ್ಲಿ ಮುಟ್ಟಬೇಡಿ. ಗರ್ಭಿಣಿಯರು ಹತ್ತಿರ ಹೋಗುವುದೇ ಬೇಡ.

ಮುಟ್ಟಿದಾಗ ಎಲ್ಲ ಸರಿ ಇದ್ದರೆ? ಗಾಸಿಪಾಲ್ ಇಲ್ಲ ಎಂದು ಆಗಲಿಲ್ಲ. ನನ್ನ ಟಗರಿನ ಬೀಜ ಕೈಗೆ ಚೆನ್ನಾಗಿಯೇ ಸಿಕ್ಕಿತ್ತು.

ಲಕ್ಷಣ 5: ಮರಿ, ಕರು ಏದುಸಿರು ಬಿಡುತ್ತಿವೆ ಅಥವಾ ದಿಢೀರನೆ ಸಾಯುತ್ತಿವೆ

ಇಲ್ಲಿ ಮನೆ ಪರೀಕ್ಷೆ ಬೇಡ. ಕೂಡಲೇ ಹಿಂಡಿ ನಿಲ್ಲಿಸಿ, ಪಶು ವೈದ್ಯರನ್ನು ಕರೆಯಿರಿ. ಸರ್ಕಾರದ ಪಶು ಸಂಜೀವಿನಿ ಗಾಡಿಗೆ 1962ಕ್ಕೆ ಫೋನ್ ಮಾಡಿ.

ಎಳೆಯ ಮರಿ, ಕರುಗಳ ದೊಡ್ಡ ಹೊಟ್ಟೆ ಇನ್ನೂ ಕೆಲಸ ಶುರು ಮಾಡಿರುವುದಿಲ್ಲ, ಹಾಗಾಗಿ ವಿಷ ಪೂರ್ತಿ ಮೈಗೆ ಹೋಗಿ ಹೃದಯ ಕೆಡುತ್ತದೆ. ವಾರಗಟ್ಟಲೆ, ಕೆಲವೊಮ್ಮೆ ಒಂದೆರಡು ತಿಂಗಳು ಏನೂ ಕಾಣದೆ ಇದ್ದು ಒಂದು ದಿನ ಓಡಿದ ಮೇಲೆ ಬಿದ್ದು ಸಾಯಬಹುದು. ಗದ್ದದ ಕೆಳಗೆ ನೀರು ತುಂಬುವುದೂ ಉಂಟು. ಗದ್ದದ ನೀರು ಜಂತಿನಿಂದಲೂ ಬರುತ್ತದೆ, ಅದೇ ಹೆಚ್ಚು ಸಾಮಾನ್ಯ. ಸತ್ತ ಮರಿಯನ್ನು ಹೂಳುವ ಮೊದಲು ವೈದ್ಯರಿಂದ ಕೊಯ್ಯಿಸಿ ನೋಡಿಸಿ. ಒಂದು ಮರಿ ಹೋದದ್ದಂತೂ ಹೋಯಿತು, ಉಳಿದವಕ್ಕೆ ದಾರಿ ಸಿಗುತ್ತದೆ. ಹಂದಿ, ಕೋಳಿಗೂ ಈ ವಿಷ ಬೇಗ ತಾಗುತ್ತದೆ.

ಜೊಲ್ಲು ಸುರಿಸುವುದು, ನಡುಕ, ಕಣ್ಣಪಾಪೆ ಸಣ್ಣಗಾಗುವುದು, ಇವು ಗಾಸಿಪಾಲ್ ಲಕ್ಷಣವಲ್ಲ. ಹತ್ತಿಗೆ ಹೊಡೆದ ಕೀಟನಾಶಕ ಹೊಟ್ಟೆಗೆ ಹೋಗಿರಬಹುದು. ಒಂದು ನಿಮಿಷವೂ ಕಾಯಬೇಡಿ. ಯಾವ ಔಷಧಿ ಹೊಡೆದಿದ್ದರು ಎಂದು ತಿಳಿದು, ಡಬ್ಬಿ ಸಿಕ್ಕರೆ ವೈದ್ಯರಿಗೆ ತೋರಿಸಿ.

ಇಷ್ಟಾದರೂ ಅನುಮಾನ ಉಳಿದರೆ: ವೀರ್ಯ ಪರೀಕ್ಷೆ

ಇದು ವೈದ್ಯರ ಕೆಲಸ. ಟಗರಿನ ವೀರ್ಯ ಒಂದು ಮಿಲಿ ಲೀಟರಿನ ಆಸುಪಾಸು, ಕೆನೆಯಂತೆ ದಪ್ಪ ಇರಬೇಕು. ನಮ್ಮ ವೈದ್ಯರು ನನಗೂ ಮೈಕ್ರೋಸ್ಕೋಪಿನಲ್ಲಿ ಇಣುಕಲು ಬಿಟ್ಟರು. ಒಳ್ಳೆ ವೀರ್ಯದ ಹನಿಯಲ್ಲಿ ಮೋಡ ಸುಳಿದಂತೆ ಅಲೆ ಅಲೆಯಾಗಿ ತಿರುಗುತ್ತದೆ. ನನ್ನ ಟಗರಿನದರಲ್ಲಿ ಅಲೆ ಇರಲಿಲ್ಲ. ಅಲ್ಲೊಂದು ಇಲ್ಲೊಂದು ನಿಂತಲ್ಲೇ ಮಿಸುಕುತ್ತಿತ್ತು. ಬಣ್ಣ ಹಾಕಿದ ಗಾಜಿನಲ್ಲಿ ನಡುಭಾಗ ಮಡಚಿದ, ಬಾಲ ಸುತ್ತಿಕೊಂಡ ವೀರ್ಯಾಣುಗಳೇ ಸಾಲುಸಾಲು.

ಪರೀಕ್ಷೆಯ ಗಾಜು ಬೆಚ್ಚಗಿರಬೇಕು, ಸುಮಾರು 37 ಡಿಗ್ರಿ. ತಣ್ಣನೆಯ ಗಾಜಿನ ಮೇಲೆ ಒಳ್ಳೆ ವೀರ್ಯವೂ ಸತ್ತಂತೆ ಕಾಣುತ್ತದೆ. ಹಾಗಾಗಿ ಒಂದೇ ಪರೀಕ್ಷೆ ನಂಬಿ ಟಗರು ಮಾರಬೇಡಿ, ವಾರ ಬಿಟ್ಟು ಇನ್ನೊಮ್ಮೆ ಮಾಡಿಸಿ. ಹಿಂಡಿಯನ್ನೇ ಪರೀಕ್ಷೆ ಮಾಡಿಸಬೇಕೆಂದರೆ ಚೀಲದ ಮೇಲೆ, ನಡುವೆ, ತಳದಿಂದ ತೆಗೆದು ಅರ್ಧ ಕಿಲೋ ಬೇರೆ ಕಟ್ಟಿಡಿ, ಕೊಂಡ ದಿನ ಬರೆದಿಡಿ. ಎಲ್ಲಿ ಪರೀಕ್ಷೆ ಮಾಡುತ್ತಾರೆ ಎಂದು ವೈದ್ಯರ ಮೂಲಕ ಹೆಬ್ಬಾಳದ ಪಶು ವೈದ್ಯಕೀಯ ಕಾಲೇಜು, ಬೀದರಿನ ಪಶು ವಿಶ್ವವಿದ್ಯಾಲಯ ಅಥವಾ ಬೆಂಗಳೂರು ಆಡುಗೋಡಿಯ ಪಶು ಪೋಷಣೆ ಸಂಸ್ಥೆಯಲ್ಲಿ ವಿಚಾರಿಸಿ. ಹಿಂಡಿಗೆ ಬೂಷ್ಟು ಹಿಡಿದಿದ್ದರೆ ಅದನ್ನೂ ಹೇಳಿ, ಬೂಷ್ಟಿನದ್ದು ಬೇರೆಯೇ ವಿಷ.

ಹಿಂಡಿ ನಿಲ್ಲಿಸಿದ ಮೇಲೆ

ಬೀಜದ ಗಂಡಿಗೆ ಹತ್ತಿಕಾಳು, ಹತ್ತಿ ಹಿಂಡಿ ಪೂರ್ತಿ ಬಂದ್. ಬೆಳೆಯುವ ಗಂಡು ಮರಿಗಳಲ್ಲಿ ಮುಂದೆ ಬೀಜಕ್ಕೆ ಬಿಡಬೇಕೆಂದವಕ್ಕೂ ಬೇಡ. ಬದಲಿಗೆ ಶೇಂಗಾ ಹಿಂಡಿ, ಹುರುಳಿ, ಮೆಕ್ಕೆಜೋಳದ ನುಚ್ಚು, ಹಸಿ ಮೇವು ಕೊಡಿ. ಉಳಿದ ಹಿಂಡಿ ಚೆಲ್ಲಬೇಕಿಲ್ಲ. ಕರೆಯುವ ಎಮ್ಮೆಗೆ, ಬೀಜ ಒಡೆಸಿದ ದೊಡ್ಡ ಟಗರಿಗೆ ಮಿತವಾಗಿ ಹಾಕಬಹುದು. ಗೋದಲಿ ಮಾತ್ರ ಬೇರೆ ಇರಲಿ.

ಹೋರಿಗಳ ಮೇಲೆ ನಡೆದ ಪ್ರಯೋಗದಲ್ಲಿ ವಿಟಮಿನ್ ಇ ಜಾಸ್ತಿ ಕೊಟ್ಟಾಗ ಗಾಸಿಪಾಲ್ ಹಾನಿ ಕಡಿಮೆಯಾದದ್ದು ಕಂಡಿದೆ. ಪ್ರಮಾಣ ವೈದ್ಯರೇ ಹೇಳಲಿ. ಕಬ್ಬಿಣದ ಉಪ್ಪು ಕೂಡ ಗಾಸಿಪಾಲ್ ಅನ್ನು ಕಟ್ಟಿಹಾಕುತ್ತದೆ, ಆದರೆ ಅಂದಾಜಿನ ಮೇಲೆ ಹಾಕಿದರೆ ಅದೇ ವಿಷ. ದನದ ಖನಿಜ ಮಿಶ್ರಣವನ್ನೂ ಕುರಿಗೆ ಹಾಕಬೇಡಿ, ಅದರಲ್ಲಿನ ತಾಮ್ರ ಕುರಿಗೆ ಆಗಿಬರುವುದಿಲ್ಲ.

ಇನ್ನು ಕಾಯುವುದು. ಟಗರಿಗೆ 70 ದಿನ, ಹೋರಿಗೆ 80ರಿಂದ 90 ದಿನ. ಸಾಮಾನ್ಯವಾಗಿ ವೀರ್ಯ ಸುಧಾರಿಸುತ್ತದೆ, ಎಲ್ಲದಕ್ಕೂ ಸುಧಾರಿಸುತ್ತದೆ ಎಂದು ಮಾತು ಕೊಡಲಾಗದು. ಅಲ್ಲಿಯವರೆಗೆ ಕುರಿಗಳಿಗೆ ಬೇರೆ ಟಗರು ಬಿಡಿ, ಒಂದು ಸುಗ್ಗಿ ಕಳೆದುಕೊಳ್ಳಬೇಡಿ. 70 ದಿನದ ಮೇಲೂ ವೀರ್ಯದ ನಡುಭಾಗ ಮುರಿದೇ ಇದ್ದರೆ, ಇನ್ನೊಂದು 60 ದಿನ ಕೊಟ್ಟು ಮತ್ತೆ ನೋಡಿಸಿ, ಆಗಲೂ ಇಲ್ಲವೆಂದರೆ ಆ ಟಗರನ್ನು ಬೀಜಕ್ಕೆ ಇಡಬೇಡಿ.

ನನ್ನ ಟಗರನ್ನು 74ನೇ ದಿನ ಎಂಟು ಕುರಿಗಳ ಜೊತೆ ಬಿಟ್ಟೆ, ಎದೆಗೆ ಅರಿಶಿನ ಹಚ್ಚಿ. ಎಂಟಕ್ಕೂ ಹಳದಿ ಬಿತ್ತು. 17 ದಿನದ ಮೇಲೆ ಕೆಮ್ಮಣ್ಣು ಹಚ್ಚಿ ದಿನಾ ಬೆಳಗ್ಗೆ ಹಟ್ಟಿಗೆ ಹೋಗಿ ಹಿಂದಿನಿಂದ ನೋಡುತ್ತಿದ್ದೆ. ಕೆಂಪು ಬಿದ್ದದ್ದು ಎರಡಕ್ಕೆ ಮಾತ್ರ.